ಮಂಡಕ್ಕಿ ಪರೀಕ್ಷೆ

ಶೃಂಗೇರಿಯ ಕಾಲೇಜೊಂದರಲ್ಲಿ ಪಾಠ ಮುಗಿಸಿ ಕೊಪ್ಪದ ಬಸ್ಸು ಹತ್ತಿದ್ದೆ. ತೊಡೆಯ ಮೇಲಿನ ಡಬ್ಬಿಯಲ್ಲಿ, ವಿದ್ಯಾರ್ಥಿಗಳಿಗೆ ತೋರಿಸಲು ಒಯ್ದಿದ್ದ ನನ್ನ ಲ್ಯಾಬಿನ ಪುಟ್ಟ ಮೀನುಗಳಿದ್ದವು. ಪಕ್ಕದ ಸೀಟಿನ ಹೆಂಗಸು ಇಣುಕಿ ನೋಡಿ, "ಮಠದ ಹೊಳೆಯ ದೇವರ ಮೀನಿನ ಮರಿ ಅಲ್ಲ ತಾನೇ? ಅವನ್ನು ಯಾರೂ ಹಿಡೀಬಾರ್ದು" ಅಂದರು.

"ಅಲ್ಲಮ್ಮ, ನಾನೇ ಸಾಕಿದ್ದು. ಹೃದಯದ ಚೂರು ಕತ್ತರಿಸಿದರೂ ಇವು ಮತ್ತೆ ಬೆಳೆಸಿಕೊಳ್ತವೆ. ಅದು ಹೇಗೆ ಅಂತ ನೋಡುವುದೇ ನನ್ನ ಕೆಲಸ."

"ಎಂತ ಕಥೆ ಹೇಳ್ತೀರಿ ಮಾರಾಯ್ರೆ! ತಡೀರಿ. ದೇವರ ಮೀನಾದ್ರೆ ಮಂಡಕ್ಕಿ ಕಂಡು ಹೆದರದೆ ಮೇಲೆ ಬರ್ತವೆ" ಎಂದು ಚೀಲದಿಂದ ಒಂದು ಚಿಟಿಕೆ ತೆಗೆದು ಡಬ್ಬಿಗೆ ಹಾಕಿಯೇಬಿಟ್ಟರು.

ದಿನಾ ನನ್ನ ಕೈಯಿಂದ ತಿಂದು ಬೆಳೆದ ಮೀನುಗಳು. ಅಷ್ಟೂ ಒಟ್ಟಿಗೆ ಮೇಲೆ ಬಂದು ಬಾಯಿ ತೆರೆದವು.

"ನೋಡಿದ್ರಾ!" ಎಂದರು. ಕಂಡಕ್ಟರೂ ನನ್ನನ್ನೇ ದಿಟ್ಟಿಸಿದ.

ಕೊಪ್ಪ ಬರುವವರೆಗೆ ಆ ಬಸ್ಸಿನಲ್ಲಿ ನನ್ನನ್ನು ನಂಬಿದ್ದು ಮೀನುಗಳು ಮಾತ್ರ. ಅವುಗಳ ಹೃದಯಕ್ಕೆ ಕತ್ತರಿ ಹಾಕುವವನು ನಾನೇ.