ಒಂದು ಸೂಜಿ ಕಮ್ಮಿ

ನನ್ನದು ಗುಂಡಿ, ದಾರ, ಲೇಸು, ಝಿಪ್ಪುಗಳ ಅಂಗಡಿ. ಇಲ್ಲಿಗೆ ಬರುವವರಲ್ಲಿ ಎರಡು ಬಗೆ. ಬೇಕಾದ್ದನ್ನು ಕೊಂಡು ಹೋಗುವವರು ಒಂದು, ಬಣ್ಣ ಹೊಂದಿಸುತ್ತೇವೆಂದು ಇಡೀ ಅಂಗಡಿಯನ್ನು ಕೆಳಗಿಳಿಸಿ "ಆಮೇಲೆ ಬರ್ತೀವಿ" ಎನ್ನುವವರು ಇನ್ನೊಂದು. ಟೀಚರಕ್ಕ ಇವೆರಡಕ್ಕೂ ಸೇರಿದವರಲ್ಲ. ಬೇಕಾದ್ದನ್ನು ಚೌಕಾಶಿ ಮಾಡಿ ಕೊಂಡು, ನಾನು ಎಸೆಯಲು ಎತ್ತಿಟ್ಟ ಚೂರುಪಾರನ್ನು ಪುಕ್ಕಟೆ ತೆಗೆದುಕೊಂಡು, ಅದನ್ನು ತುಂಬಲು ಚೀಲವನ್ನೂ ನನ್ನಿಂದಲೇ ಕೇಳುವವರು.

ವಾಚನಾಲಯದ ಮಹಡಿಯ ಮೇಲಿನ ಹಾಲ್‌ನಲ್ಲಿ ವಾರಕ್ಕೊಂದು ಮಧ್ಯಾಹ್ನ ವಯಸ್ಸಾದವರಿಗೆ ಕೈಗೆಲಸ ಹೇಳಿಕೊಡುವುದು ಅವರ ಕಸುಬು. ಸುಲಭದ್ದಾಗಿರಬೇಕು, ಒಂದೇ ಕೂತಲ್ಲಿ ಮುಗಿಯಬೇಕು, ಮುಗಿದ ಮೇಲೆ ಮನೆಗೆ ಒಯ್ಯುವಂತಿರಬೇಕು. ಕೊನೆಯದರ ಬಗ್ಗೆ ಅವರದು ಭಾರೀ ಹಟ. "ಕೈ ಬೀಸಿಕೊಂಡು ಮನೆಗೆ ಹೋದ್ರೆ ಎಲ್ಲಿಗೆ ಹೋಗಿದ್ರಿ ಅಂತ ಕೇಳೋರೂ ಇರಲ್ಲ ಅಣ್ಣ. ಕೈಯಲ್ಲಿ ಏನಾದ್ರೂ ಇದ್ರೆ ಒಬ್ಬರಾದ್ರೂ ತಿರುಗಿ ನೋಡ್ತಾರೆ" ಅನ್ನುತ್ತಿದ್ದರು. ಹಾಗಾಗಿ ಬಟ್ಟೆಯನ್ನು ತಾವೇ ಮೊದಲು ಕತ್ತರಿಸಿಟ್ಟು, ದೊಡ್ಡ ಕಣ್ಣಿನ ಸೂಜಿಗಳಿಗೆ ದಾರ ಪೋಣಿಸಿಟ್ಟು, ನಡುಗುವ ಕೈಗಳಿಗೆ ಸಂತೋಷದ ಭಾಗ ಮಾತ್ರ ಉಳಿಸುತ್ತಿದ್ದರು.

ಅದಕ್ಕೂ ಮೊದಲು ಅವರು ಗಾರ್ಮೆಂಟ್ಸ್‌ನಲ್ಲಿ ದುಡಿದವರು. ಅಲ್ಲಿ ಮೆಷಿನ್ನಿನ ಸೂಜಿ ಮುರಿದರೆ ಅದರ ಚೂರೆಲ್ಲ ಸಿಗುವ ತನಕ ಯಾರೂ ಜಾಗ ಬಿಟ್ಟು ಏಳುವಂತಿರಲಿಲ್ಲವಂತೆ. ಉಚ್ಚೆಗೂ ಬಿಡುತ್ತಿರಲಿಲ್ಲ ಎಂದು ನಗುತ್ತಾ ಹೇಳುತ್ತಿದ್ದರು. ಕೆಲಸ ಬಿಟ್ಟರೂ ಆ ಭಯ ಬಿಡಲಿಲ್ಲ. ಒಂದು ಕೆಂಪು ಬಟ್ಟೆಯ ಪಟ್ಟಿಯಲ್ಲಿ ಸೂಜಿಗಳನ್ನು ಸಾಲಾಗಿ ಚುಚ್ಚಿ ತರುತ್ತಿದ್ದರು. ಕ್ಲಾಸು ಮುಗಿದ ಮೇಲೆ ಸಾಲು ತುಂಬಿದರೆ ಮಾತ್ರ ಬಾಗಿಲು ತೆಗೆಯುವುದು.

ಆ ದಿನ ಬಟ್ಟೆಯ ಮೊಲ ಮಾಡಿಸಿದ್ದರು. ಹತ್ತಿ ನನ್ನದು, ಕಣ್ಣಿನ ಗುಂಡಿಯೂ ನನ್ನದೇ. ಕ್ಲಾಸು ಮುಗಿಯುವ ಮೊದಲೇ ಹಾಲ್ ನೋಡಿಕೊಳ್ಳುವವನು ಬಂದು, ಬೇರೆ ಮೀಟಿಂಗ್ ಇದೆ ಎಂದು ಕುರ್ಚಿ ಎಳೆಯತೊಡಗಿದ. ಗಡಿಬಿಡಿಯಲ್ಲಿ ಎಲ್ಲರೂ ಸೂಜಿಗಳನ್ನು ಮೇಜಿನ ಮೇಲೆ ಬಿಟ್ಟು ಮೊಲ ಕಂಕುಳಲ್ಲಿಟ್ಟು ಮೆಟ್ಟಿಲಿಳಿದರು.

ಸ್ವಲ್ಪ ಹೊತ್ತಿಗೆ ಟೀಚರಕ್ಕ ನನ್ನ ಅಂಗಡಿಗೆ ಬಂದರು. ಯಾವುದರ ರೇಟೂ ಕೇಳಲಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು.

"ಅಣ್ಣ, ನೆಲದ ಮೇಲೆ ಬಿದ್ದ ಪಿನ್ ಎತ್ತೋಕೆ ನಿಮ್ಮ ಹತ್ರ ಮ್ಯಾಗ್ನೆಟ್ ಇದೆಯಲ್ಲ, ಕೊಡಿ. ಒಂದು ಸೂಜಿ ಕಮ್ಮಿ ಇದೆ."

"ಹಾಲ್‌ನಲ್ಲೇ ಬಿದ್ದಿರುತ್ತೆ ಬಿಡಿ."

"ನೆಲದಲ್ಲಿ ಮಂಡಿ ಊರಿ ನೋಡಿದ್ದೀನಿ. ಕ್ಲಾಸಿಗೆ ಬರೋ ದರ್ಜಿ ತಾತ ಕೆಳಗೆ ಸಿಕ್ಕರು, ಅವರ ಕಾಲರ್ ಹಿಂದೆ ಒಂದಿತ್ತು, ಅದು ಅವರದ್ದೇ, ಸಣ್ಣ ಕಣ್ಣಿಂದು. ನಲವತ್ತು ವರ್ಷದ ಚಾಳಿ. ಉಳಿದವರಿಗೆಲ್ಲ ಫೋನ್ ಮಾಡಿ ಮೊಲ ಹಿಸುಕಿ ನೋಡಿ ಅಂದೆ. ಯಾರದ್ದರಲ್ಲೂ ಇಲ್ಲ." ಅವರು ಮತ್ತೊಮ್ಮೆ ಫೋನ್ ಒತ್ತಿ ಕಿವಿಗಿಟ್ಟರು. "ಸಂಪಿಗೆ ಅಜ್ಜಿ ಮನೇಲಿ ಮಾತ್ರ ಫೋನ್ ಎತ್ತುತ್ತಿಲ್ಲ."

ಸಂಪಿಗೆ ಅಜ್ಜಿ ಎಂದರೆ ಯಾವಾಗಲೂ ಸಂಪಿಗೆ ಬಣ್ಣದ ಸೀರೆಯನ್ನೇ ಉಡುವ ಅಜ್ಜಿ. ಅವರ ಮನೆಯಲ್ಲಿ ಮೊಮ್ಮಗು ಇದೆ, ಈಗಷ್ಟೇ ಅಂಬೆಗಾಲಿಡುತ್ತಿದೆ, ಸಿಕ್ಕಿದ್ದೆಲ್ಲ ಬಾಯಿಗೆ. ಮೊಲ ಯಾರಿಗೆಂದು ಅಜ್ಜಿ ಕ್ಲಾಸಿನುದ್ದಕ್ಕೂ ಹೇಳಿಕೊಂಡಿದ್ದರಂತೆ.

ನಾನು ಶಟರ್ ಎಳೆದೆ. ವ್ಯಾಪಾರದ ಹೊತ್ತಲ್ಲಿ ಶಟರ್ ಎಳೆಯುವ ಮನುಷ್ಯ ನಾನಲ್ಲ. ಆದರೆ ಆ ಸೂಜಿಯೂ ನನ್ನ ಅಂಗಡಿಯದ್ದೇ.

ಸ್ಕೂಟರ್ ಹಿಂದೆ ಕೂತು ಟೀಚರಕ್ಕ ದಾರಿಯುದ್ದಕ್ಕೂ ಗೊಣಗುತ್ತಿದ್ದರು. "ಹೋದ ವಾರ ಸೂಜಿ ಚುಚ್ಚಿಡೋ ಪುಟ್ಟ ದಿಂಬು ಮಾಡಿಸಿದ್ದೆ ಅಣ್ಣ. ಕೈ ನೋವು ಬಂದಾಗೆಲ್ಲ ಸೂಜೀನ ದಿಂಬಿಗೆ ಚುಚ್ಚಿ ಕೈ ಬಿಡಿ ಅಂತ ಬಾಯಿಪಾಠ ಮಾಡಿಸಿದ್ದೆ. ಈ ವಾರ ಅದೇ ಬಟ್ಟೆ, ಅದೇ ಹತ್ತಿ. ಅಜ್ಜಿ ಕೈಗೆ ದಿಂಬಿಗೂ ಮೊಲಕ್ಕೂ ಏನು ವ್ಯತ್ಯಾಸ?"

ಸಿಗ್ನಲ್ ಕೆಂಪಾಗಿತ್ತು. ನಾನು ನಿಲ್ಲಿಸಲಿಲ್ಲ.

"ಅಜ್ಜಿ ಸೊಸೆಗೆ ಏನು ಹೇಳ್ತೀರಿ?" ಎಂದೆ. "ನಿಜ ಹೇಳಿದ್ರೆ ಅಜ್ಜಿಗೆ ಇನ್ನು ಮಗು ಮುಟ್ಟೋಕೂ ಬಿಡಲ್ಲ. ಕಣ್ಣಿನ ಗುಂಡಿ ಸಡಿಲ ಇದೆ, ಬದಲಾಯಿಸಿ ಕೊಡ್ತೀವಿ ಅನ್ನಿ. ಬೈಗುಳ ಅಂಗಡಿಗೆ ಬರಲಿ, ನನಗೆ ಅಭ್ಯಾಸ ಇದೆ."

"ಮುಂದೆ ಎಡಕ್ಕೆ ತಿರುಗಿಸಿ" ಎಂದರು ಅವರು.

ಬಾಗಿಲು ತೆಗೆದವಳು ಸೊಸೆ. ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ. ಒಂದು ಗಂಟೆ ಅತ್ತು ಈಗ ತಾನೇ ಮಲಗಿದ್ದಾನೆ. ಫೋನ್ ಸದ್ದನ್ನೂ ತೆಗೆದಿಟ್ಟಿದ್ದೀನಿ" ಎಂದು ಪಿಸುಗುಟ್ಟಿದಳು.

ನಾನು ನನ್ನ ಗುಂಡಿಯ ಕತೆ ಶುರುಮಾಡಿದೆ. ಸುಳ್ಳು ಹೇಳುವಾಗ ನನ್ನ ನಾಲಿಗೆ ಬೆಣ್ಣೆ. ಈ ಸಲ ಅದು ಅತಿಯಾಯಿತು, ಅವಳು ನಂಬಿಬಿಟ್ಟಳು.

"ಅಷ್ಟೇ ತಾನೆ? ಎದ್ದ ಮೇಲೆ ನಾನೇ ಬಿಗಿಯಾಗಿ ಹೊಲೀತೀನಿ ಬಿಡಿ. ಮೊಲ ತಬ್ಬಿಕೊಂಡೇ ಮಲಗಿದ್ದಾನೆ, ಈಗ ಎಳೆದ್ರೆ ಮುಗೀತು."

"ಇಲ್ಲಮ್ಮ, ಈಗಲೇ ಆದ್ರೆ..."

"ಅಂಗಡಿಯವರೇ, ನಿಮ್ಮನೇಲಿ ಮಕ್ಕಳು ಮಲಗಿದ್ದು ನೀವು ನೋಡಿಲ್ವಾ? ನಾಳೆ ಬನ್ನಿ." ಬಾಗಿಲು ಅರ್ಧ ಮುಚ್ಚಿತು.

ಟೀಚರಕ್ಕ ಬಾಗಿಲ ಸಂದಿಗೆ ಕಾಲಿಟ್ಟರು.

"ಗುಂಡಿ ಅಲ್ಲಮ್ಮ. ಅದರೊಳಗೆ ಸೂಜಿ ಇರಬಹುದು."

ಸೊಸೆ ಬಾಗಿಲು ಬಿಟ್ಟಳು. ಬೈಯಲಿಲ್ಲ, ಓಡಿದಳು. ನಾವು ಹಿಂದೆಯೇ ಹೋದೆವು. ಕೋಣೆಯ ನೆಲದ ಹಾಸಿಗೆಯ ಮೇಲೆ ಮಗು ಮಗ್ಗುಲಾಗಿ ಮಲಗಿತ್ತು. ಪಕ್ಕದಲ್ಲಿ ಅಜ್ಜಿ ಬೀಸಣಿಗೆ ಹಿಡಿದು ಕೂತಿದ್ದರು. ಮೊಲದ ಒಂದು ಕಿವಿ ಮಗುವಿನ ಬಾಯೊಳಗೆ. ಹೊಟ್ಟೆ ಮಗುವಿನ ಕೆನ್ನೆಗೆ ಒತ್ತಿಕೊಂಡಿತ್ತು.

"ಎಳೀಬೇಡಿ. ಎಳೆದ್ರೆ ಗಟ್ಟಿಯಾಗಿ ಹಿಡ್ಕೋತಾನೆ. ಮೊದಲು ತಲೆ ಎತ್ತಿ" ಎಂದರು ಟೀಚರಕ್ಕ.

ಸೊಸೆ ಮಗುವಿನ ತಲೆಯ ಕೆಳಗೆ ಅಂಗೈ ತೂರಿಸಿ ಕೂದಲೆಳೆಯಷ್ಟು ಎತ್ತಿದಳು. ಟೀಚರಕ್ಕ ಕೆನ್ನೆಗೂ ಮೊಲಕ್ಕೂ ನಡುವೆ ತಮ್ಮ ಬೆರಳುಗಳನ್ನು ತುರುಕಿದರು. ಚುಚ್ಚುವುದಾದರೆ ಅವರಿಗೇ ಚುಚ್ಚಲಿ ಎಂದು. ಮಗು ಮುಖ ಕಿವುಚಿತು. ಚಪ್ಪರಿಸಿತು. ಒಂದೊಂದೇ ಪುಟ್ಟ ಬೆರಳು ಬಿಡಿಸಿದರು. ಕಿವಿ ಬಾಯಿಂದ ಜಾರಿ ಹೊರಬಂದಾಗ ಅಜ್ಜಿ ಕೇಳಿದರು, "ಏನಾಯ್ತೇ? ಯಾಕೆ ಅದನ್ನ ಕಿತ್ಕೋತೀರಾ?"

ಟೀಚರಕ್ಕ ಮೊಲವನ್ನು ನೆಲದ ಮೇಲಿಟ್ಟು ಮ್ಯಾಗ್ನೆಟ್ ಆಡಿಸಿದರು. ತಲೆಯ ಮೇಲೆ ಏನಿಲ್ಲ. ಕಿವಿಯಲ್ಲಿ ಏನಿಲ್ಲ. ಬೆನ್ನ ಮೇಲೆ ಹೋಗುವಾಗ ಮೊಲ ತಾನಾಗಿ ಒಮ್ಮೆ ಅಲುಗಿತು. ಹೊಟ್ಟೆಯ ಹೊಲಿಗೆ ಬಿಚ್ಚಿ ಹತ್ತಿ ಸರಿಸಿದರೆ ಸೂಜಿ ಅಡ್ಡಡ್ಡ ಕೂತಿತ್ತು, ನೀಲಿ ದಾರದ ಸಮೇತ. ಕೆನ್ನೆ ಇದ್ದ ಬದಿಗೇ ಮೊನೆ.

ಅಜ್ಜಿ ಅದನ್ನೇ ನೋಡಿದರು. "ಅದು ನಾನೇ ಇಟ್ಟಿದ್ದು. ಕೈ ಜೋಮು ಹಿಡೀತು, ಚುಚ್ಚಿಟ್ಟೆ. ಹೊಲಿಯೋಕೆ ಇನ್ನೊಂದು ಸೂಜಿ ಕೊಟ್ರಲ್ಲ, ಇದನ್ನ ಮರೆತೇಬಿಟ್ಟೆ." ಅವರ ಕೈಯ ಬೀಸಣಿಗೆ ನಿಂತಿತು.

"ಹೇಳಿಕೊಟ್ಟದ್ದು ನಾನು. ಎಣಿಸದೆ ಬಾಗಿಲು ತೆಗೆದದ್ದೂ ನಾನು" ಎಂದರು ಟೀಚರಕ್ಕ.

"ನೀವು ಸುಮ್ನಿರಿ" ಎಂದಳು ಸೊಸೆ. "ಮೊದಲೇ ನಿಜ ಹೇಳದೆ ಗುಂಡಿ ಅಂದ್ರಲ್ಲ. ಬಾಗಿಲು ಮುಚ್ಚಿಬಿಟ್ಟಿದ್ರೆ?"

ಅದು ನನಗೆ ಸಲ್ಲಬೇಕಾದ ಮಾತು. ನಾನು ಗೋಡೆ ನೋಡಿದೆ.

ಆ ಹೊತ್ತಿಗೆ ಮಗು ಎದ್ದು, ಕೈ ಖಾಲಿ ಇರುವುದನ್ನು ಕಂಡು ಮನೆ ಎಗರಿಹೋಗುವ ಹಾಗೆ ಅಳತೊಡಗಿತು. ಸೊಸೆ ಅದನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಮೊಲದೊಳಗಿನ ಹತ್ತಿಯನ್ನೆಲ್ಲ ಹೊರಗೆಳೆದಳು. ಎಳೆಎಳೆಯಾಗಿ ಬಿಡಿಸಿ ನೋಡಿದಳು. ಆಮೇಲೆ ಖಾಲಿ ಮೊಲವನ್ನೂ ಸೂಜಿಯನ್ನೂ ಅತ್ತೆಯ ಮುಂದಿಟ್ಟಳು.

"ಹೊಲೀರಿ ಅತ್ತೆ. ನಾನು ನೋಡ್ತಾ ಇರ್ತೀನಿ."

ಅಜ್ಜಿ ಹತ್ತಿ ತುಂಬಿ ಹೊಲಿಯತೊಡಗಿದರು. ಹೊಲಿಗೆ ಸೊಟ್ಟಗೆ ಹೋಯಿತು. ನಡುವೆ ಒಮ್ಮೆ ಬೆರಳು ಹಿಡಿದುಕೊಂಡಾಗ ಸೂಜಿ ಮೊಲದತ್ತ ಹೊರಟಿತು. ಸೊಸೆ ಅಂಗೈ ಚಾಚಿದಳು. ಅಜ್ಜಿ ಸೂಜಿಯನ್ನು ಅದರ ಮೇಲಿಟ್ಟು, ಬೆರಳು ನೀವಿಕೊಂಡು, ಮತ್ತೆ ತೆಗೆದುಕೊಂಡರು. ಗಂಟು ಹಾಕಿದ ಮೇಲೆ ಸೊಸೆ ಸೂಜಿಯನ್ನು ಟೀಚರಕ್ಕನ ಕೈಗೆ ಕೊಟ್ಟಳು.

"ಎಣಿಸಿಕೊಳ್ಳಿ" ಎಂದಳು.

ಟೀಚರಕ್ಕ ಪಟ್ಟಿ ಬಿಡಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಸಾಲು ತುಂಬಿತ್ತು.

ಸೊಸೆ ಮೊಲವನ್ನು ತನ್ನ ಕೆನ್ನೆಗೆ ಒತ್ತಿ ಎಲ್ಲ ಕಡೆಯೂ ತಿರುಗಿಸಿದಳು. ಬಹಳ ಹೊತ್ತು ತಿರುಗಿಸಿದಳು. ಆಮೇಲೆ ಅದನ್ನು ಮಗುವಿಗೆ ಕೊಡದೆ ಅತ್ತೆಯ ಕೈಗೆ ಕೊಟ್ಟಳು. "ನೀವೇ ಕೊಡಿ" ಎಂದಳು.

ಅಜ್ಜಿ ಕೊಟ್ಟರು. ಮಗು ಅಳು ನಿಲ್ಲಿಸಿ, ಮೊಲದ ಕಿವಿಯನ್ನು ಬಾಯಿಗಿಟ್ಟು ಕಚ್ಚಿತು. ನಾವು ನಾಲ್ವರೂ ಅದರ ಬಾಯಿಯನ್ನೇ ನೋಡುತ್ತಾ ನಿಂತೆವು. ಅದು ಇನ್ನೊಮ್ಮೆ ಕಚ್ಚಿ, ಜೊಲ್ಲು ಸುರಿಸಿ, ನಮ್ಮನ್ನು ನೋಡಿ ನಕ್ಕಿತು.