ಯಾವ ಉದ್ದ ಅಂತ ಮೊದಲು ಹೇಳು

ಮೊನ್ನೆ ಸಂಜೆ ಡ್ಯೂಟಿ ಮುಗಿಸಿ ಬಂದವಳಿಗೆ ಮಗಳು ನೀರಿನ ಲೋಟ ತಂದುಕೊಟ್ಟಳು. ಅವಳ ಕೈಯಿಂದ ಒಂದು ವಾಸನೆ ಬಂತು. ಹೊಲಿಗೆ ಮೆಷಿನ್ನಿನ ಎಣ್ಣೆಯಂಥದ್ದು, ಅದರ ಹಿಂದೆಯೇ ಸ್ವಲ್ಪ ಕಬ್ಬಿಣದ್ದು. ಎಂತ ಮುಟ್ಟಿದ್ದು ಎಂದು ಕೇಳಿದರೆ, ಸ್ಕೂಲ್ ಪ್ರಾಜೆಕ್ಟಿಗೆ ಅಳತೆ ಬೇಕಿತ್ತು, ಅಡುಗೆಮನೆ ಡ್ರಾಯರಿನಲ್ಲಿದ್ದ ಸ್ಟೀಲ್ ಸ್ಕೇಲ್ ತೆಗೆದೆ ಎಂದಳು. ಅದು ಸ್ಕೇಲ್ ಅಲ್ಲ. ವರ್ನಿಯರ್ ಕ್ಯಾಲಿಪರ್, ವಸ್ತುವನ್ನು ಬಾಯಲ್ಲಿ ಕಚ್ಚಿ ಹಿಡಿದು ಕೂದಲೆಳೆಯಷ್ಟನ್ನೂ ಅಳೆಯುವಂಥದ್ದು. ನಾನು ಹೆಗಲಿನ ಚೀಲವನ್ನೂ ಇಳಿಸದೆ ಹಾಗೆಯೇ ಸೋಫಾದ ಮೇಲೆ ಕುಳಿತುಬಿಟ್ಟೆ...

ಅದು ನಮ್ಮ ಎದುರು ಫ್ಲಾಟಿನ ಅಂಕಲ್‌ದು. ಈಗ ನಾವು ಈ ಕೊಲ್ಲಿ ದೇಶದ ಸನದ್ ಬಡಾವಣೆಯಲ್ಲಿದ್ದೇವೆ. ಆಗ ಸೆಗಯಾದ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಅಲ್ಲಿ ಲಿಫ್ಟ್ ಮನಸ್ಸು ಬಂದರೆ ಮೇಲೆ ಹೋಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಾನು ಸಲ್ಮಾನಿಯಾ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೋಗುತ್ತಿದ್ದೆ. ಅಂಕಲ್ ಕೊಡಗಿನವರು. ಸೈನ್ಯದಲ್ಲಿ ಬಂದೂಕು ರಿಪೇರಿಯ ವಿಭಾಗದಲ್ಲಿದ್ದು ನಿವೃತ್ತರಾಗಿ, ಇಲ್ಲಿಯ ಒಂದು ಶೂಟಿಂಗ್ ಕ್ಲಬ್ಬಿನ ವರ್ಕ್‌ಶಾಪಿಗೆ ಬಂದವರು. ಗುರಿ ಅಭ್ಯಾಸದಲ್ಲಿ ಹೊಡೆದು ಖಾಲಿಯಾದ ಹಿತ್ತಾಳೆ ತೋಟಾಗಳನ್ನು ತೊಳೆದು, ಅಳೆದು, ಮತ್ತೆ ತುಂಬಿಸುವುದು ಅವರ ಕೆಲಸ. ಈ ಊರಿನಲ್ಲಿ ಹೀಗೂ ಒಂದು ಹೊಟ್ಟೆಪಾಡು ಇದೆಯೆಂದು ಅವರನ್ನು ನೋಡುವವರೆಗೆ ನನಗೆ ಗೊತ್ತಿರಲಿಲ್ಲ. ಕ್ಲಬ್ಬಿನಲ್ಲಿ ಅವರಿಗೆ ಬ್ಯಾಟರಿಯ ಕ್ಯಾಲಿಪರ್ ಕೊಟ್ಟಿದ್ದರು. ಇದು ಮಾತ್ರ ಸೈನ್ಯದ ಕಾಲದ್ದು, ಸ್ವಂತದ್ದು. ಪ್ರತಿ ಶುಕ್ರವಾರ ಎಣ್ಣೆ ಹಾಕಿ ಒರೆಸುತ್ತಿದ್ದರು. ಒಮ್ಮೆ ನಮ್ಮ ಮನೆಗೆ ಬಂದಾಗ ನೀರುದೋಸೆಯ ದಪ್ಪ ಅಳೆದು, "ಪಾಸ್" ಎಂದಿದ್ದರು.

ಅವರಿಗೆ ಒಂದು ಹಟವಿತ್ತು. ಯಾರಾದರೂ ಬರೀ ಅಂಕಿ ಹೇಳಿದರೆ ಸಿಟ್ಟು ನೆತ್ತಿಗೇರುತ್ತಿತ್ತು. "ಯಾವ ಉದ್ದ ಅಂತ ಮೊದಲು ಹೇಳು, ಆಮೇಲೆ ಎಷ್ಟು ಅಂತ ಹೇಳು." ಒಂದು ದಿನ ವರ್ಕ್‌ಶಾಪಿನಲ್ಲಿ ಇಬ್ಬರು ಹುಡುಗರು, ಒಬ್ಬ ನೇಪಾಳದವ, ಇನ್ನೊಬ್ಬ ಬಂಗಾಳದವ, ಹಿಂದಿಯಲ್ಲಿ ಕೂಗಾಡಿಕೊಂಡು ಕೆಲಸ ಮಾಡುತ್ತಿದ್ದರಂತೆ. ಒಬ್ಬ ಖಾಲಿ ತೋಟಾದ ಉದ್ದ ಅಳೆದು ಅಂಕಿ ಕೂಗಿದ. ಇನ್ನೊಬ್ಬ ಅದು ಗುಂಡು ಕೂರಿಸಿದ ಮೇಲಿನ ಪೂರ್ತಿ ಉದ್ದ ಎಂದುಕೊಂಡು ಗುಂಡು ಕೂರಿಸುವ ಯಂತ್ರವನ್ನು ಅಷ್ಟಕ್ಕೇ ಇಳಿಸಿದ. ಒಂದು ಟ್ರೇ ತುಂಬ ಗುಂಡುಗಳು ಹಿತ್ತಾಳೆಯ ಕೊರಳೊಳಗೆ ಹೂತುಹೋದವು. ಹಾಗೆಯೇ ಹೊಡೆದಿದ್ದರೆ ಬಂದೂಕು ಒಡೆದು ಹೊಡೆದವನ ಮುಖಕ್ಕೇ ಬರುತ್ತಿತ್ತು. ಅಂಕಲ್ ಕೂತು ಒಂದೊಂದನ್ನೇ ಕಿತ್ತರು. ಆ ಸಂಜೆಯೇ ನಮ್ಮ ಬಾಗಿಲು ತಟ್ಟಿ, ಉದ್ದಗಳ ಹೆಸರನ್ನೆಲ್ಲ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಕೊಡು, ಗೋಡೆಗೆ ಅಂಟಿಸಬೇಕು ಎಂದರು.

"ಅಂಕಲ್, ನನಗೆ ಇದರ ತಲೆಬುಡ ಗೊತ್ತಿಲ್ಲ ಮಾರಾಯ್ರೆ," ಎಂದೆ.

"ನಿನ್ನ ಲಿಪ್‌ಸ್ಟಿಕ್ ತಾ."

ತಂದುಕೊಟ್ಟೆ. ಅದನ್ನು ಪೂರ್ತಿ ಒಳಗಿಳಿಸಿ ಕೊಳವೆಯನ್ನಷ್ಟೇ ತೋರಿಸಿದರು. ಇದು ಕೇಸ್ ಲೆಂತ್, ಬರೀ ಹಿತ್ತಾಳೆಯ ಉದ್ದ. ಆಮೇಲೆ ತಿರುಗಿಸಿ ಬಣ್ಣವನ್ನು ಮೇಲೆ ತಂದರು. ಬುಡದಿಂದ ಈ ತುದಿಯವರೆಗೆ ಓವರ್‌ಆಲ್ ಲೆಂತ್. ಕೇಸ್ ಬದಲಾಗಲಿಲ್ಲ, ಇದು ಬದಲಾಯಿತು, ನೋಡಿದೆಯಾ? ಆದರೆ ತುದಿಯನ್ನು ಪೂರಾ ನಂಬಬಾರದಂತೆ. ಒಂದೇ ಡಬ್ಬಿಯ ಗುಂಡುಗಳ ತುದಿಯೂ ಒಂದೇ ಸಮ ಇರುವುದಿಲ್ಲ. ತುದಿಯಿಂದ ಇಳಿದು ಬಂದ ಇಳಿಜಾರು ಎಲ್ಲಿ ಮೈ ತುಂಬಿಕೊಳ್ಳುತ್ತದೋ ಅಲ್ಲಿ ಗುಂಡು ನಳಿಗೆಯ ಒಳಗಿನ ಗೀರುಗಳನ್ನು ಮೊದಲು ಮುಟ್ಟುವುದು. ಗುರಿ ಹೊಡೆಯುವವರು ಬುಡದಿಂದ ಅಲ್ಲಿಯವರೆಗಿನ ಉದ್ದವನ್ನೂ ಬೇರೆಯಾಗಿ ಅಳೆಯುತ್ತಾರೆ. ಹಿತ್ತಾಳೆ ಬೆಂಕಿ ತಿಂದ ಹಾಗೆಲ್ಲ ಕೂದಲೆಳೆಯಷ್ಟು ಉದ್ದವಾಗುತ್ತದೆ, ಬೆಳೆದದ್ದನ್ನು ಕತ್ತರಿಸಬೇಕು, ಕತ್ತರಿಸಿ ನಿಲ್ಲಿಸುವ ಉದ್ದಕ್ಕೆ ಇನ್ನೊಂದು ಹೆಸರು. "ಆದರೆ ಪ್ರತಿ ಸಲ ಅದರ ಗೋಡೆ ತೆಳು ಆಗ್ತದೆ ಮಗಳೇ. ಒಂದು ದಿನ ಬಿಡಬೇಕು." ನನ್ನ ಲಿಪ್‌ಸ್ಟಿಕ್ಕಿನ ತುದಿ ಅವರ ಹೆಬ್ಬೆರಳಿಗೆ ಮೆತ್ತಿತ್ತು.

ಅವರ ಹೆಂಡತಿ ಊರಿನಲ್ಲಿ, ಅಂಕಲ್‌ರ ತಮ್ಮನ ಸಂಸಾರದ ಜೊತೆಗಿದ್ದರು. ಕಿಡ್ನಿಯ ಕಾಯಿಲೆ. ನಾನು ಲ್ಯಾಬಿನವಳೆಂದು ಅಂಕಲ್ ಆಗಾಗ ರಿಪೋರ್ಟು ತಂದು ತೋರಿಸುತ್ತಿದ್ದರು. ನಾನು ಓದಿ, ಬಾಯಲ್ಲಿ ಸಮಾಧಾನ ಹೇಳಿ, ಒಳಗೆ ಹೆದರುತ್ತಿದ್ದೆ. ಒಂದು ರಜೆ ಮುಗಿಸಿ ಬಂದ ಮೇಲೆ ಅಂಕಲ್ ಕ್ಯಾಲಿಪರನ್ನು ಒರೆಸುವುದನ್ನು ಬಿಟ್ಟರೆ ತೆರೆಯುತ್ತಲೂ ಇರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ. ಸ್ವಲ್ಪ ತೆರೆದು, ತಿರುಪು ಬಿಗಿದು ಇಟ್ಟಿದ್ದರು. ಎಂತಕ್ಕೆ ಎಂದು ಕೇಳಿದೆ.

ಸ್ವಲ್ಪ ನಾಚಿಕೊಂಡರು. "ಅವಳು ಸೊರಗಿದ್ದಾಳೆ. ಹಳೇ ಬಳೆ ಕೈಯಲ್ಲಿ ನಿಲ್ಲೋದಿಲ್ಲ. ಮುಂದಿನ ಸಲ ಹೋಗುವಾಗ ಇಲ್ಲಿಂದ ಒಂದು ಜೊತೆ ಮಾಡಿಸಿಕೊಂಡು ಹೋಗಬೇಕು." ಬಳೆ ತೊಡಿಸುವಾಗ ಕೈಯನ್ನು ಹೇಗೆ ಮಡಚುತ್ತಾರೋ ಹಾಗೆ ಮಡಚಲು ಹೇಳಿ, ಬೆರಳ ಗೆಣ್ಣುಗಳ ಅಡ್ಡಗಲವನ್ನು ಅಳೆದುಕೊಂಡು ಬಂದಿದ್ದರು. ಆಂಟಿ ನಕ್ಕು, ನನ್ನನ್ನೂ ತೋಟಾ ಮಾಡಿದಿರಾ ಎಂದಿದ್ದರಂತೆ.

ಬೇಸಿಗೆಯ ರಜೆಗೆ ಟಿಕೆಟ್ ತೆಗೆದಿದ್ದರು. ಆ ವರ್ಷವೇ ವಿಮಾನಗಳು ನಿಂತವು. ನಾನು ಆಸ್ಪತ್ರೆಯಿಂದ ಬಂದರೆ ನನ್ನ ಮಗಳನ್ನೇ ಮುಟ್ಟಲು ಹೆದರುವ ಕಾಲ. ಅಂಕಲ್ ಎಂಬೆಸಿಗೆ ಫೋನು ಮಾಡುವರು, ಹೆಸರು ಕೊಡುವರು, ಕಾಯುವರು. ಆಂಟಿ ಅಷ್ಟು ಕಾಯಲಿಲ್ಲ.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಹಳ್ಳಿಗೆ ಸುದ್ದಿ ಹೋಗುವುದು ಹಾಗೆ. ತನ್ನ ಮನೆಯ ಆ ಎರಡು ಗುಂಡಿನ ಹೊತ್ತಿಗೆ ತಾನು ಅಂಗಳದಲ್ಲಿರಬೇಕು ಎಂಬುದೊಂದೇ ಅಂಕಲ್ ಕೇಳಿಕೊಂಡದ್ದು. ಅದೂ ಆಗಲಿಲ್ಲ. ನಮ್ಮ ಎರಡು ಬಾಗಿಲುಗಳ ನಡುವೆ ಕುರ್ಚಿ ಹಾಕಿಕೊಂಡು, ಮಾಸ್ಕ್ ಕಟ್ಟಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಾನು ನನ್ನ ಹೊಸ್ತಿಲಲ್ಲಿ ನಿಂತಿದ್ದೆ. ಅವರ ತಮ್ಮ ವಿಡಿಯೋ ಕಾಲ್‌ನಲ್ಲಿ ಅಂಗಳ ತೋರಿಸಿದರು. ಬಂದೂಕು ಮೇಲೆದ್ದಿತು. ಹೊಗೆ ಬಂತು, ಇನ್ನೊಮ್ಮೆ ಬಂತು. ಮರದಿಂದ ಹಕ್ಕಿಗಳು ಎದ್ದವು. ಶಬ್ದ ಮಾತ್ರ ಬರಲಿಲ್ಲ.

"ನಿಂಗೆ ಕೇಳಿತಾ ಮಗಳೇ?"

"ಇಲ್ಲ ಅಂಕಲ್."

"ಫೋನು ಅದನ್ನ ಗಲಾಟೆ ಅಂತ ತಿಳ್ಕೊಂಡು ನುಂಗಿಬಿಡ್ತದೆ," ಎಂದರು. ಒಂದು ಜೀವಮಾನ ಗುಂಡಿನ ಸದ್ದು ಕೇಳಿದ ಮನುಷ್ಯ ತನಗೆ ಬೇಕಾದ ಎರಡನ್ನು ಕೇಳಲಾಗದೆ ಅಳುವುದನ್ನು ನಾನು ಕಂಡೆ. ಹತ್ತಿರ ಹೋಗಿ ಕೈ ಹಿಡಿಯುವ ಹಾಗೂ ಇರಲಿಲ್ಲ.

ವಿಮಾನ ಶುರುವಾದ ಮೇಲೆ ಕೆಲಸ ಬಿಟ್ಟು ಹೊರಟರು. ಹೊರಡುವ ದಿನ ಕ್ಯಾಲಿಪರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಅಲ್ಲಿ ಇನ್ನು ಅಳೆಯಲಿಕ್ಕೆ ಎಂತ ಉಂಟು," ಎಂದರು. ತಿರುಪು ಬಿಗಿದೇ ಇತ್ತು. ಆಮೇಲೆ ಕೆಲವು ಸಲ ಫೋನು, ಹಬ್ಬಕ್ಕೆ ಮೆಸೇಜು... ಹೋದ ವರ್ಷ ಅವರ ತಮ್ಮನಿಂದ ಸುದ್ದಿ ಬಂತು. ಎರಡು ಗುಂಡು ಹೊಡೆದೆವು ಎಂದೂ ಬರೆದಿದ್ದರು.

ಇಷ್ಟು ವರ್ಷ ನಾನೂ ಅದನ್ನು ಒರೆಸಿ ಎಣ್ಣೆ ಹಾಕಿ ಇಟ್ಟಿದ್ದೆನೇ ಹೊರತು ತಿರುಪು ಬಿಚ್ಚಿರಲಿಲ್ಲ. ಮೊನ್ನೆ ನೀರಿನ ಲೋಟ ಕೆಳಗಿಟ್ಟು ಮಗಳ ಕೋಣೆಗೆ ಹೋದೆ. ಮೇಜಿನ ಮೇಲೆ ರಟ್ಟು, ಗೋಂದು, ಅವುಗಳ ನಡುವೆ ಕ್ಯಾಲಿಪರ್. ಅದರ ಬಾಯಿ ಮುಚ್ಚಿತ್ತು.

"ಅಮ್ಮಾ, ಅದು ಫುಲ್ ಜಾಮ್ ಆಗಿತ್ತು. ಸ್ಕ್ರೂ ಲೂಸ್ ಮಾಡಿ ಫಿಕ್ಸ್ ಮಾಡಿದೆ," ಎಂದಳು. ಹೊಗಳುತ್ತೇನೆಂದು ಕಾಯುತ್ತಿದ್ದಳು. ಪಾಪ, ಅವಳಿಗೇನು ಗೊತ್ತು. ಒಳ್ಳೆದಾಯ್ತು ಪುಟ್ಟಾ ಎಂದೆ.

ಅವಳು ಊಟಕ್ಕೆ ಎದ್ದು ಹೋದ ಮೇಲೆ ಅದನ್ನು ಕೈಗೆತ್ತಿಕೊಂಡು ಮೊದಲಿದ್ದಷ್ಟೇ ತೆರೆಯಲು ನೋಡಿದೆ. ಇಷ್ಟಿತ್ತೇ, ಇದಕ್ಕಿಂತ ಸ್ವಲ್ಪ ಕಡಿಮೆಯೇ... ಯಾವ ಅಳತೆ ಎಂದು ಯಾರು ಕೇಳಿದರೂ ಹೇಳಬಲ್ಲೆ. ಎಷ್ಟು ಎಂದು ನಾನು ಒಮ್ಮೆಯೂ ನೋಡಿಟ್ಟುಕೊಂಡಿರಲಿಲ್ಲ.