ಹಾರ ಹಾಕಲು ಹೋದಾಗ

ಹಾರ ಹಿಡಿದು ನಿಂತ ನನಗೆ ಚೌಕಟ್ಟಿನಲ್ಲಿ ಸುಬೇದಾರರು ಕಾಣಲೇ ಇಲ್ಲ. ಹಿಮದ ದಾರಿಯಲ್ಲಿ ಇಳಿಯುತ್ತಿದ್ದ ಹೇಸರಗತ್ತೆಯೊಂದರ ಚಿತ್ರ ಅಲ್ಲಿತ್ತು. ಸೈನ್ಯದಿಂದ ನಿವೃತ್ತರಾದ ಸುಬೇದಾರರು ಪುಣೆಯ ದೇಹೂ ರೋಡಿನಲ್ಲಿ ನಮ್ಮ ನೆರೆಯವರು. ಓಣಿಯ ನಾಯಿಗಳಿಗೆಲ್ಲ ದಿನಾ ಅನ್ನ ಹಾಕುತ್ತಿದ್ದರು. ಅಂದು ಅವರು ತೀರಿಕೊಂಡ ಹದಿಮೂರನೆಯ ದಿನ. ಚೌಕಟ್ಟು ಅದಲುಬದಲಾಗಿದೆ ಅಂದುಕೊಂಡು ಅವರ ಹೆಂಡತಿಯನ್ನು ಕೇಳಿದೆ: "ವೈನಿ, ಅಣ್ಣಾರ ಫೋಟೊ ಎಲ್ಲಿ ಅದ ರೀ?"

"ಇದೇ ರೀ. ಅವರೇ ಬರೆದದ್ದು. ಹಗ್ಗ ಹಿಡಿದ ಕೈ ನೋಡ್ರಿ, ಅದು ಅವರದು. ಗುಂಡು ತಗುಲಿದಾಗ ಈ ಹೇಸರಗತ್ತೇನೇ ಅವರನ್ನ ಹೊತ್ತು ಬೆಟ್ಟ ಇಳಿಸಿತ್ತು. 'ನಾ ಹೋದ ಮ್ಯಾಲೆ ಇದಕ್ಕ ಹಾರ ಹಾಕ್ರಿ' ಅಂದಿದ್ರು."

ಚಿತ್ರದ ಅಂಚಿನಲ್ಲಿ ಒಂದು ಮುಷ್ಟಿ ಮಾತ್ರ ಇತ್ತು. ಹಾರ ಹಾಕಿ ಕೈ ಮುಗಿದೆ.

ನಮ್ಮ ಮನೆಯ ಗೋಡೆ ತುಂಬ ಫೋಟೊಗಳಿವೆ. ಎಲ್ಲದರಲ್ಲೂ ನಟ್ಟನಡುವೆ ನಾನೇ ಇದ್ದೇನೆ. ನನ್ನನ್ನು ಹೊತ್ತವರು ಒಂದರಲ್ಲೂ ಇಲ್ಲ.